ಮಾನದಂಡ

ಪದಕ್ಕೆ ಐವತ್ತು ಪೈಸೆ.
ದೆಹಲಿಯ ಏಜೆನ್ಸಿ ಕಳಿಸಿದ ಕಡತದಲ್ಲಿ
ಜಿನೀವಾದ ಒಡಂಬಡಿಕೆ, ಹನ್ನೆರಡು ಪುಟ,
ಸೋಮವಾರದೊಳಗೆ ಕನ್ನಡವಾಗಬೇಕು.
ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯ ಮೇಲೆ
ಒಂದು ಬಾಡಿಗೆ ಕೋಣೆ, ನಾನೂ ಒಂದು ಫ್ಯಾನೂ.
ಕರೆಂಟು ಹೋದರೆ ನಾನೊಬ್ಬಳೇ.

ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ.
ಮಾನದಂಡ, ಎಂದು ಬರೆದೆ. ನಿಘಂಟು ಒಪ್ಪಿತು.
ಬರೆದ ಮೇಲೆ ಪದ ನನ್ನನ್ನೇ ದಿಟ್ಟಿಸಿತು.
ಮಾನ ಅಂದರೆ ಅಳತೆ, ಮಾನ ಅಂದರೆ ಮರ್ಯಾದೆ,
ದಂಡ ಅಂದರೆ ಕೋಲು,
ದಂಡ ಅಂದರೆ ಹತ್ತು ನಿಮಿಷ ತಡವಾದವಳ
ಅರ್ಧ ದಿನದ ಸಂಬಳ,
ದಂಡ ಅಂದರೆ, ಸುಮ್ಮನೆ, ದಂಡ.

ಪಕ್ಕದ ಕೋಣೆಯ ಗುತ್ಯಮ್ಮ
ಭಾನುವಾರದ ಎಣ್ಣೆತಲೆಯಲ್ಲಿ ಹೊಸ್ತಿಲ ಮೇಲೆ ಕೂತಿದ್ದಳು.
ಮಾಚೇನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಆರು ವರ್ಷ,
ಗಂಟೆಗೆ ತೊಂಬತ್ತು ಕಾಲರು,
ತೋರುಬೆರಳ ಉಗುರಿನಲ್ಲಿ ಸೂಜಿ ಹಾದ ಕಪ್ಪು ಚುಕ್ಕೆ.
ಅವಳಿಗೆ ಓದಿ ಹೇಳಿದೆ:
"ಪ್ರತಿ ಕಾರ್ಮಿಕರಿಗೂ ಸಮಂಜಸ ವಿರಾಮ."

ನಕ್ಕಳು, ಬಾಚಣಿಗೆ ಜಾರುವಷ್ಟು.
"ನಮ್ ಲೈನಲ್ಲಿ ನಲವತ್ತು ಮಿಷಿನ್ನು, ಒಂದೇ ಟೋಕನ್ನು.
ಕೆಂಪು ಬಣ್ಣದ ಮರದ ತುಂಡು,
ಹುಚ್ಚರಾಯಪ್ಪನ ಮೇಜಿನ ಮೊಳೇಲಿ ನೇತಾಡ್ತಿರ್ತದೆ.
ಅದು ಇದ್ರೆ ಬಚ್ಚಲಿಗೆ ಹೋಗ್ಬೋದು,
ಇಲ್ದಿದ್ರೆ ಹೋದೋಳು ಬರೋ ತನಕ ಕಾಲರ್ ಹೊಲೀತಾ ಇರ್ಬೇಕು.
ಬೆಳಗ್ಗೆ ನೀರು ಕುಡಿಯೋದೇ ಬಿಟ್ಟೀವಿ."

ಆಮೇಲೆ, ಕೇಳದೆಯೇ, ಅಜ್ಜಿಯ ಮಾತು ಬಂತು:
"ಸೊರಬದ ಕಡೆ ಗದ್ದೆ ಕೊಯ್ಲಿಗೆ ಹೋಗೋಳು.
ಒಡೇರ ಮನೇಲಿ ಎರಡು ಕೊಳಗ.
ಗೇಣಿ ಅಳೆಸ್ಕೊಳೋಕೆ ದೊಡ್ಡದು,
ಕೂಲಿ ಅಳೆಯೋಕೆ ಸಣ್ಣದು,
ಹೆಸರು ಮಾತ್ರ ಎರಡಕ್ಕೂ ಕೊಳಗ.
ಒಂದಿನ ಅಜ್ಜಿ ಕೂಲಿ ಕೊಳಗ ಬೋರಲು ಹಾಕಿ
ಸರ್ಕಾರದ ಮುದ್ರೆ ಎಲ್ಲಿ ಅಂದ್ಲಂತೆ.
ಮಾರನೇ ದಿನದಿಂದ ಅವಳನ್ನ ಕರೀಲಿಲ್ಲ."
ಜಡೆಯ ತುದಿಗೆ ರಬ್ಬರು ಸುತ್ತುತ್ತ ಕೇಳಿದಳು:
"ನಿಮ್ ಕಾಗದಕ್ಕೆ ತಳ ಐತಾ?"

ಇದೆ, ಅಂದೆ.
ದೇಶಗಳು ಬಂದು ಅಲ್ಲಿ ಒಪ್ಪಿಗೆ ಒತ್ತುತ್ತವೆ.
"ನಮ್ದು?"
ಇದಕ್ಕೆ ಇನ್ನೂ ಇಲ್ಲ.
"ಹಂಗಾದ್ರೆ ಸಣ್ಣ ಕೊಳಗ ಒಳಗೇ ಐತೆ ಅನ್ನಿ."

ಆ ರಾತ್ರಿ ಮಾನದಂಡ ಹೊಡೆದು
ಎಲ್ಲರಿಗೂ ಒಂದೇ ಕೊಳಗ, ಎಂದು ಬರೆದೆ.
ದೆಹಲಿಯಿಂದ ಕೆಂಪು ಗೆರೆ ಬಂತು:
ಗ್ರಾಮ್ಯ. ಎರಡು ಪದ ಹೆಚ್ಚು. ದರ ಸೇರುವುದಿಲ್ಲ.
ಮತ್ತೆ ಮಾನದಂಡವನ್ನೇ ಬರೆದು ಕಳಿಸಿದೆ.
ನಾನೂ ಬಾಡಿಗೆ ಕಟ್ಟಬೇಕು.

ಮಾಗಿಯಲ್ಲಿ ಬಯ್ಯರ್ ಕಡೆಯವರು ಬಂದರು.
ದುಭಾಷಿಗೆ ನನ್ನನ್ನು ಕರೆದರು, ಕಾರು ಕಳಿಸಿ.
ಗೋಡೆಗೆ ಹೊಸ ಸುಣ್ಣ, ಡ್ರಮ್ಮಿನಲ್ಲಿ ತಣ್ಣನೆ ನೀರು,
ಮೇಜಿನ ಮೊಳೆ ಖಾಲಿ.
ಗೋಡೆಯ ಮೇಲೆ ಗಾಜಿನ ಹಿಂದೆ
ನನ್ನದೇ ಹನ್ನೆರಡು ಪುಟ, ನನ್ನ ಹೆಸರಿಲ್ಲದೆ.
ನೀಲಿ ಕೋಟಿನ ಹೆಂಗಸು ಮೆಲ್ಲಗೆ ಕೇಳಿದಳು,
ನಾನು ಕನ್ನಡಕ್ಕೆ ತಂದೆ:
ಇಲ್ಲಿ ನಿಮಗೆ ಏನಾದರೂ ತೊಂದರೆ ಇದೆಯೆ?

ಗುತ್ಯಮ್ಮ ನನ್ನನ್ನು ಗುರುತಿಲ್ಲದವಳಂತೆ ನೋಡಿದಳು.
ಎದ್ದು ಹೋಗಿ ಮೇಜಿನ ಡ್ರಾ ಎಳೆದಳು.
ಕೆಂಪು ಮರದ ತುಂಡು ತಂದು
ನೀಲಿ ಕೋಟಿನವಳ ಅಂಗೈಯಲ್ಲಿ ಬೋರಲು ಇಟ್ಟಳು.
"ಇದರ ತಳದಾಗೆ ಯಾರ ಮುದ್ರೆ ಐತೆ ಕೇಳ್ರಿ."

ಮೂವತ್ತೊಂಬತ್ತು ಮಿಷಿನ್ನು ಒಟ್ಟಿಗೆ ನಿಂತವು.
ಹುಚ್ಚರಾಯಪ್ಪ ನನ್ನನ್ನು ನೋಡಿದ.
ಅವನಿಗೂ ಎರಡು ಮಕ್ಕಳು, ಅವನ ತಲೆಯ ಮೇಲೂ ಗಡಿಯಾರ.
ಬೇರೆ ಏನಾದರೂ ಅನ್ನಬಹುದಿತ್ತು ನಾನು,
ಅಲ್ಲಿ ಎರಡೂ ಭಾಷೆ ಬಲ್ಲವಳು ನಾನೊಬ್ಬಳೇ.
ಹೇಳಿದೆ. ಅವಳು ಅಂದಷ್ಟೇ.
ಆ ವಾಕ್ಯಕ್ಕೆ ದರ ಬರೆದುಕೊಳ್ಳಲಿಲ್ಲ.

ಮತ್ತೆ ನನ್ನನ್ನು ಯಾರೂ ಕರೆಯಲಿಲ್ಲ.
ಗುತ್ಯಮ್ಮನನ್ನು ಕಾಲರಿನಿಂದ ಗುಂಡಿಗೆ ಹಾಕಿದರು.
ಮೂರು ತಿಂಗಳ ಮೇಲೆ ಒಂದು ಸಂಜೆ
ಬಸ್ಸಿಳಿದು ಬಂದು, ಮೆಟ್ಟಿಲ ಕೆಳಗಿಂದಲೇ ಕೂಗಿದಳು:
"ಜಿನೀವಾದೋರಿಗೆ ಬರೀರಿ, ಈಗ ಎರಡು ಟೋಕನ್ನು!"
ಎರಡೂ ಕೆಂಪೇ.